ಅಮೆರಿಕದ ಸಭೆಗಳಲ್ಲಿ "ಗಂಡಸಾಗು" ಪಾಠ: ಹೊಣೆಯೋ, ಅಧಿಕಾರವೋ?

ಡಾಲಸ್ ಬಿಸಿಲು (ಚರ್ಚೆ ಶುರು ಮಾಡಿದವರು):

ನಾನು ಟೆಕ್ಸಸ್‌ನ ಒಂದು ಬ್ಯಾಪ್ಟಿಸ್ಟ್ ಸಭೆಗೆ (ಅಂದರೆ ಚರ್ಚ್‌ಗೆ) ಹೋಗುವವನು. ಬೆಳೆದದ್ದು ಧಾರವಾಡದ ಕಡೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನ. ನನ್ನನ್ನು ಸಂಪ್ರದಾಯಸ್ಥ ಕ್ರೈಸ್ತ ಅಂದರೆ ಬೇಸರವೇನಿಲ್ಲ, ಇರುವುದೇ ಹಾಗೆ. ಮುಂದೆ ಬರೆಯುವುದನ್ನು ಹೊರಗಿನವನ ಕೊಂಕು ಅಂತ ಓದಬೇಡಿ ಅನ್ನೋದಕ್ಕೆ ಇಷ್ಟು ಪೀಠಿಕೆ.

ಇಲ್ಲಿ ಈಗ ಕಿವಿ ಕೊಟ್ಟ ಕಡೆಯೆಲ್ಲ ಗಂಡಸ್ತನದ ಮಾತು. ಪಾಡ್‌ಕಾಸ್ಟ್ ಹಾಕಿದರೆ ಅದು. ಗಂಡಸರ ಸಮಾವೇಶಕ್ಕೆ ಹೋದರೆ ಅದು. ತಂದೆಯರ ದಿನದ ಪ್ರಸಂಗವೂ (ಪಾಸ್ಟರ್ ಉಪದೇಶ) ಅದೇ. ಹುಡುಗರನ್ನು ಈ ಕಾಲ ಮೆತ್ತಗೆ ಮಾಡಿಬಿಟ್ಟಿದೆ, ಮನೆಗೆ ಯಜಮಾನ ಇಲ್ಲ, ದೇಶಕ್ಕೆ ನಾಯಕ ಇಲ್ಲ, ಗಂಡಸರೇ ಎದ್ದೇಳಿ ಅನ್ನುವ ಧಾಟಿ.

ಇದರಲ್ಲಿ ಒಂದು ಭಾಗ ನಿಜ ಅಂತ ನಾನು ನಂಬುತ್ತೇನೆ. ಇಲ್ಲಿನ ಕಾಲೇಜುಗಳಲ್ಲಿ ಪದವಿ ಓದುವವರಲ್ಲಿ ನೂರಕ್ಕೆ 58ರ ಆಸುಪಾಸು ಹೆಣ್ಣುಮಕ್ಕಳು. ಅವರು ಮುಂದೆ ಬಂದದ್ದು ಸಂತೋಷವೇ. ಆದರೆ ಹುಡುಗರು ಎಲ್ಲಿ ಹೋದರು? ಆತ್ಮಹತ್ಯೆ ಮಾಡಿಕೊಳ್ಳುವ ಗಂಡಸರ ಪ್ರಮಾಣ ಹೆಂಗಸರ ಸುಮಾರು ನಾಲ್ಕು ಪಟ್ಟು. ಫ್ಯಾಕ್ಟರಿ ಮುಚ್ಚಿದ ಊರುಗಳಲ್ಲಿ ಒಪಿಯಾಯ್ಡ್ ಅನ್ನುವ ಚಟ ಹಿಡಿಸುವ ನೋವಿನ ಮಾತ್ರೆ ನುಂಗಿ ಸತ್ತವರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಇದನ್ನೆಲ್ಲ ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮ ಸಭೆಗಳವರೂ ಇದ್ದರು. ಅದಕ್ಕೆ ಅವರಿಗೆ ಮೆಚ್ಚುಗೆ ಸಲ್ಲಬೇಕು.

ನನ್ನ ತಕರಾರು ಅವರು ಕೊಡುವ ಪರಿಹಾರದ ಬಗ್ಗೆ. ಬೈಬಲ್ಲಿನಲ್ಲಿ ಸಭೆಯ ಹಿರಿಯ (ಸಭೆ ನಡೆಸುವ ಹುದ್ದೆಯವನು) ಹೇಗಿರಬೇಕು ಅಂತ ಸ್ಪಷ್ಟವಾದ ಪಟ್ಟಿ ಇದೆ. ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ, ಮೂರನೇ ಅಧ್ಯಾಯ. ಕುಡುಕನಾಗಿರಬಾರದು, ಹೊಡೆದಾಟದವನಾಗಿರಬಾರದು, ಜಗಳಗಂಟನಾಗಿರಬಾರದು, ಹಣದಾಸೆ ಇರಬಾರದು, ಸೌಮ್ಯನಾಗಿರಬೇಕು. ತೀತನಿಗೆ ಬರೆದ ಪತ್ರಿಕೆಯಲ್ಲಿ ಇನ್ನೂ ಒಂದು: ಮುಂಗೋಪಿಯಾಗಿರಬಾರದು. ಸ್ನಾಯು, ದನಿ, ಗಡ್ಡ ಯಾವುದರ ಬಗ್ಗೆಯೂ ಅಲ್ಲಿ ಒಂದಕ್ಷರ ಇಲ್ಲ. ಮೂವತ್ತು ವರ್ಷಗಳಿಂದ ಗಂಡಸ್ತನ ಕಲಿಸಲು ವೇದಿಕೆ ಹತ್ತಿದವರನ್ನು ಈ ಪಟ್ಟಿಯ ಪಕ್ಕ ನಿಲ್ಲಿಸಿ ನೋಡಿ.

ಒಂದೇ ಉದಾಹರಣೆ ಸಾಕು. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚ್. 1996ರಲ್ಲಿ ಮಾರ್ಕ್ ಡ್ರಿಸ್ಕಾಲ್ ಜೊತೆಗಾರರೊಂದಿಗೆ ಸೇರಿ ಶುರು ಮಾಡಿದ್ದು. ಎಳೆಯ ಗಂಡಸರನ್ನು ವೇದಿಕೆ ಮೇಲಿಂದ ಬೈಯುವುದೇ ಅವರ ಹೆಸರುವಾಸಿ ಶೈಲಿ. ಬೈಸಿಕೊಳ್ಳಲೆಂದೇ ಹುಡುಗರು ಸಾವಿರಗಟ್ಟಲೆ ಬಂದರು. ಕೆಲವರು ನಿಜವಾಗಿಯೂ ಕುಡಿತ ಬಿಟ್ಟರು, ಕೆಲಸ ಹಿಡಿದರು, ಮದುವೆಯಾದರು, ಅದನ್ನು ಅಲ್ಲಗಳೆಯಲ್ಲ. 2014ರಲ್ಲಿ ಅದೇ ಸಭೆಯ ಹಿರಿಯರು ವಿಚಾರಣೆ ಮಾಡಿ ಏನು ಬರೆದರು ಗೊತ್ತಾ? ಅಹಂಕಾರ, ಮುಂಗೋಪ, ಒರಟು ಮಾತು, ಜೊತೆಗಿದ್ದವರ ಮೇಲೆ ದಬ್ಬಾಳಿಕೆ. ತೀತನ ಪತ್ರಿಕೆಯನ್ನು ನೋಡಿ ಬರೆದ ಹಾಗಿದೆ. ಅಷ್ಟಾದರೂ ಅವರು ಸಭಾಪಾಲಕರಾಗಿ ಮುಂದುವರಿಯಲು ಅನರ್ಹರು ಅಂತ ಹಿರಿಯರು ಹೇಳಲಿಲ್ಲ! ಅವರೇ ರಾಜೀನಾಮೆ ಕೊಟ್ಟರು. ಕೆಲವೇ ತಿಂಗಳಲ್ಲಿ ಇಡೀ ಸಭೆ ಚದುರಿಹೋಯಿತು. 2016ಕ್ಕೆ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಹೊಸ ಸಭೆ, ಹೊಸ ವೇದಿಕೆ.

ನನ್ನ ಪ್ರಶ್ನೆ ಇಷ್ಟೇ. ನಾವು ಕಲಿಸುತ್ತಿರುವುದು ಹೊಣೆ ಹೊರುವುದನ್ನೋ, ಅಧಿಕಾರ ಕೇಳುವುದನ್ನೋ?

---

ಬಯಲುಸೀಮೆ:

ದಾವಣಗೆರೆಯಿಂದ ನಮಸ್ಕಾರ. ನಾನು ಕ್ರೈಸ್ತ ಅಲ್ಲ, ಸುಮ್ನೆ ಕುತೂಹಲ. ಅಮೆರಿಕದಲ್ಲಿ ಎಲ್ಲ ಸಭೆಗಳೂ ಹೀಗೇನಾ? ಗಂಡ ಯಜಮಾನ, ಹೆಂಡತಿ ಅಧೀನ ಅನ್ನೋದು ಅಧಿಕೃತ ಬೋಧನೆಯಾ, ಇಲ್ಲಾ ಕೆಲವರ ಅಭಿಪ್ರಾಯವಾ?

---

ಡಾಲಸ್ ಬಿಸಿಲು:

ಒಂದೊಂದು ಸಭೆ ಒಂದೊಂದು ಥರ. ಮೆಥಡಿಸ್ಟ್, ಎಪಿಸ್ಕೋಪಲ್, ಲುಥೆರನ್ ದೊಡ್ಡ ಸಭೆಗಳಲ್ಲಿ ಹೆಂಗಸರು ಪಾಸ್ಟರ್, ಬಿಷಪ್ ಆಗಿ ಎಷ್ಟೋ ಕಾಲವಾಯಿತು. ಸಂಪ್ರದಾಯಸ್ಥರ ಕಡೆ ಇರುವ ಮುಖ್ಯ ದಾಖಲೆ 1987ರ ಡ್ಯಾನ್ವರ್ಸ್ ಹೇಳಿಕೆ. ಜಾನ್ ಪೈಪರ್, ವೇಯ್ನ್ ಗ್ರೂಡಮ್ ಅದರ ಹಿಂದಿದ್ದ ದೊಡ್ಡ ಹೆಸರುಗಳು. ಗಂಡು ಹೆಣ್ಣು ಬೆಲೆಯಲ್ಲಿ ಸಮಾನ, ಹೊಣೆ ಮಾತ್ರ ಬೇರೆ, ಮನೆಯಲ್ಲಿ ಮತ್ತು ಸಭೆಯಲ್ಲಿ ಮುಂದಾಳತ್ವ ಗಂಡಸಿನದು ಅನ್ನುವುದು ಅದರ ಸಾರ.

ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಒಕ್ಕೂಟದ ಸದರ್ನ್ ಬ್ಯಾಪ್ಟಿಸ್ಟರು 1998ರಲ್ಲಿ ತಮ್ಮ ನಂಬಿಕೆಯ ಹೇಳಿಕೆಗೆ ಕುಟುಂಬದ ಬಗ್ಗೆ ಒಂದು ಕಲಮು ಸೇರಿಸಿದರು, ಹೆಂಡತಿ ಗಂಡನ ಮುಂದಾಳತ್ವಕ್ಕೆ ಅಧೀನಳಾಗಿರಬೇಕು ಅಂತ. 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅಂತ ಬರೆದರು. ಆ ವರ್ಷವೇ ಮಾಜಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಆ ಒಕ್ಕೂಟ ಬಿಟ್ಟದ್ದು. 2023ರಲ್ಲಿ ಹೆಂಗಸರನ್ನು ಪಾಸ್ಟರ್ ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚನ್ನೇ ಹೊರಗೆ ಹಾಕಿದರು. ಅದು ಒಕ್ಕೂಟದ ಅತಿ ದೊಡ್ಡ ಸಭೆಗಳಲ್ಲಿ ಒಂದು. ಇದನ್ನು ಒಕ್ಕೂಟದ ಸಂವಿಧಾನದಲ್ಲೇ ಬಿಗಿ ಮಾಡಬೇಕು ಅನ್ನುವ ತಿದ್ದುಪಡಿ ಮಾತ್ರ 2024ರಲ್ಲಿ ಬಿದ್ದುಹೋಯಿತು. ಮೂರರಲ್ಲಿ ಎರಡು ಪಾಲು ಬೇಕಿತ್ತು, ಸಿಕ್ಕಿದ್ದು ನೂರಕ್ಕೆ 61ರಷ್ಟು. 2025ರಲ್ಲಿ ನಮ್ಮ ಡಾಲಸ್‌ನಲ್ಲೇ ಸಮಾವೇಶ ನಡೆದಾಗಲೂ ಹಾಗೇ ಆಯಿತು.

---

ಮಳೆಗಾಲ:

ಬಿಸಿಲು ಅವರೇ, ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ನೀವು ಒಬ್ಬ ಡ್ರಿಸ್ಕಾಲ್ ಹೆಸರು ಹೇಳಿ ಮುಗಿಸಿದಿರಿ. ಒಬ್ಬನ ಸಿಟ್ಟಿಗಿಂತ ದೊಡ್ಡದು ಇದೆ, ಅಲ್ವಾ?

2019ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬರೆದ ಸರಣಿ ನೆನಪು ಮಾಡಿಕೊಳ್ಳಿ. ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಎರಡು ದಶಕದಲ್ಲಿ ಸುಮಾರು 380 ಪಾಸ್ಟರು, ಮುಖಂಡರು, ಸ್ವಯಂಸೇವಕರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ. 700ಕ್ಕೂ ಹೆಚ್ಚು ಸಂತ್ರಸ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. 2022ರಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಇನ್ನೂ ಕೆಟ್ಟದ್ದು ಹೇಳಿತು. ಇಂತಿಂಥವರ ಮೇಲೆ ದೌರ್ಜನ್ಯದ ಆರೋಪ ಇದೆ ಅಂತ ಕೇಂದ್ರ ಕಚೇರಿಯಲ್ಲಿ ಒಂದು ಪಟ್ಟಿ ಗುಟ್ಟಾಗಿ ಇತ್ತು. ದೂರು ಹೇಳಲು ಬಂದ ಹೆಂಗಸರಿಗೆ ಮಾತ್ರ ವರ್ಷಗಟ್ಟಲೆ ಉತ್ತರ ಒಂದೇ: ನಮ್ಮ ಸಭೆಗಳೆಲ್ಲ ಸ್ವತಂತ್ರ, ಪಟ್ಟಿ ಇಡಲು ನಮಗೆ ಅಧಿಕಾರವಿಲ್ಲ.

ಹೆಣ್ಣು ಪಾಸ್ಟರ್ ಇದ್ದರೆ ಆ ಸಭೆಯನ್ನು ಹೊರಗೆ ಹಾಕಲು ಅಧಿಕಾರ ಇದೆ. ದೌರ್ಜನ್ಯ ಮಾಡಿದವನ ಹೆಸರು ಹೇಳಲು ಅಧಿಕಾರ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ.

ಇದನ್ನು ಬಯಲಿಗೆಳೆದವರಲ್ಲಿ ಸಂಪ್ರದಾಯಸ್ಥ ಹೆಂಗಸರೂ ಇದ್ದರು ಅನ್ನೋದು ಮರೆಯಬೇಡಿ. ರೇಚೆಲ್ ಡೆನ್‌ಹಾಲಂಡರ್ ಗೊತ್ತಲ್ಲ? ಜಿಮ್ನಾಸ್ಟಿಕ್ಸ್ ವೈದ್ಯ ಲ್ಯಾರಿ ನಾಸರ್ ಮೇಲೆ ಮೊದಲು ಬಹಿರಂಗವಾಗಿ ದೂರು ಹೇಳಿದಾಕೆ. ವಕೀಲೆ, ಭಕ್ತೆ, ಮಕ್ಕಳ ತಾಯಿ. 2018ರಲ್ಲಿ ಕೋರ್ಟಿನಲ್ಲಿ ಅವನ ಎದುರಿಗೇ ನಿಂತು ಕ್ಷಮೆಯ ಮಾತೂ ಹೇಳಿದಳು, ಪೂರ್ತಿ ಶಿಕ್ಷೆ ಕೊಡಿ ಅಂತಲೂ ಕೇಳಿದಳು. ಸಭೆಗಳೊಳಗಿನ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟಿದ್ದಕ್ಕೆ ಆಕೆ ತನ್ನ ಸ್ವಂತ ಸಭೆಯನ್ನೇ ಕಳೆದುಕೊಳ್ಳಬೇಕಾಯಿತು. ಧೈರ್ಯ ಅಂದರೆ ಅದು. ಗಂಡಸರ ಸಮಾವೇಶದಲ್ಲಿ ಆಕೆಯ ಉದಾಹರಣೆ ಯಾರಾದರೂ ಕೊಟ್ಟಿದ್ದು ಕೇಳಿದ್ದೀರಾ?

---

ಫುಟ್‌ಬಾಲ್ ಹುಚ್ಚ:

ಗಂಡಸರ ಸಮಾವೇಶ ಅಂದಿದ್ದಕ್ಕೆ ನೆನಪಾಯಿತು. 2024ರ ಏಪ್ರಿಲ್, ಮಿಸ್ಸೂರಿಯ ಜೇಮ್ಸ್ ರಿವರ್ ಚರ್ಚ್, "ಬಲಶಾಲಿ ಗಂಡಸರ" ಸಮಾವೇಶ. ದೈತ್ಯ ಟ್ರಕ್ಕು, ಪಟಾಕಿ, ಎಲ್ಲ ಇತ್ತು. ಆರಂಭಕ್ಕೆ ಅಂಗಿ ಬಿಚ್ಚಿದ ಒಬ್ಬ ಕಸರತ್ತುಗಾರ ಕಂಬ ಹತ್ತಿ ಕತ್ತಿ ನುಂಗಿದ. ಮಾರನೆ ದಿನ ಮಾತಾಡಲು ಬಂದವರು ಯಾರು? ಇದೇ ಡ್ರಿಸ್ಕಾಲ್! ಆ ಕಂಬದಾಟ ಈಜೆಬೆಲಳ (ಬೈಬಲ್ಲಿನ ದುಷ್ಟ ರಾಣಿ) ಆತ್ಮ ಅಂತ ವೇದಿಕೆ ಮೇಲೇ ಬೈದರು. ಕೆಳಗೆ ಕೂತಿದ್ದ ಆತಿಥೇಯ ಪಾಸ್ಟರ್ ಜಾನ್ ಲಿಂಡೆಲ್ "ನೀನು ಮಿತಿ ಮೀರಿದೆ" ಅಂತ ಕೂಗಿ ಅಲ್ಲಿಗೇ ಮಾತು ನಿಲ್ಲಿಸಿದರು. ವಿಡಿಯೊ ನೋಡಿ ನನಗೆ ಯಾರ ಪರ ನಿಲ್ಲಬೇಕು ಅಂತಲೇ ಗೊತ್ತಾಗಲಿಲ್ಲ.

ಮೊದಲು ಹೀಗಿರಲಿಲ್ಲ ಅನ್ನೋದು ನನ್ನ ಪಾಯಿಂಟ್. ಬಿಲ್ ಮೆಕಾರ್ಟ್ನಿ ಅಂತ ಕೊಲರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಇದ್ದರು (ಅಮೆರಿಕನ್ ಫುಟ್‌ಬಾಲ್, ನಮ್ಮದಲ್ಲ). 1990ರಲ್ಲಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್. ಅದೇ ವರ್ಷ ಪ್ರಾಮಿಸ್ ಕೀಪರ್ಸ್ ಶುರು ಮಾಡಿದರು. ಸ್ಟೇಡಿಯಂ ತುಂಬ ಗಂಡಸರು ಸೇರಿ ಹೆಂಡತಿ ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇವೆ ಅಂತ ಪ್ರತಿಜ್ಞೆ ಮಾಡುವುದು, ಅಳುವುದು, ಪಕ್ಕದವನನ್ನು ತಬ್ಬಿಕೊಳ್ಳುವುದು. ಏಳು ಪ್ರತಿಜ್ಞೆಗಳಲ್ಲಿ ಒಂದು ಕರಿಯರು ಬಿಳಿಯರ ನಡುವಿನ ಗೋಡೆ ಒಡೆಯುವುದು. ತೊಂಬತ್ತರ ದಶಕದಲ್ಲಿ ಬಿಳಿಯರೇ ತುಂಬಿದ್ದ ಸ್ಟೇಡಿಯಂನಲ್ಲಿ ಇದನ್ನು ಹೇಳುವುದು ಸಣ್ಣ ಮಾತಲ್ಲ.

ಇನ್ನೊಂದು. ಕೋಚ್ ಕೆಲಸ ತನ್ನ ಮನೆಯನ್ನು ತಿಂದುಹಾಕುತ್ತಿದೆ ಅಂತ 1994ರ ಸೀಸನ್ ಮುಗಿದ ಮೇಲೆ ಆ ಹುದ್ದೆಯನ್ನೇ ಬಿಟ್ಟರು. ಕೈಯಲ್ಲಿ ಇನ್ನೂ ವರ್ಷಗಟ್ಟಲೆ ಕಾಂಟ್ರ್ಯಾಕ್ಟ್ ಇತ್ತು. ಇಂಥದ್ದನ್ನು ಮಾಡಿ ತೋರಿಸುವವರು ಈಗ ಯಾರು?

---

ಗಡಿಯಾರ:

ಎಲ್ಲರೂ ಸೇರಿ ಸಂಪ್ರದಾಯಸ್ಥರನ್ನು ಹೊಡೆಯಲು ಕೂತ ಹಾಗಿದೆ. ಇನ್ನೊಂದು ಮಗ್ಗುಲು ಹೇಳುತ್ತೇನೆ.

ಪ್ರಾಮಿಸ್ ಕೀಪರ್ಸ್ ಅಷ್ಟು ಮೆದುವಾಗಿತ್ತಲ್ಲ, ಏನಾಯಿತು? 1997ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ತುಂಬ ಲಕ್ಷಗಟ್ಟಲೆ ಗಂಡಸರು ಮಂಡಿಯೂರಿ ಪ್ರಾರ್ಥನೆ ಮಾಡಿದರು. ಮಹಿಳಾ ಸಂಘಟನೆಗಳು ಅದನ್ನೂ ಅಪಾಯ ಅಂತಲೇ ಕರೆದವು. ಮರುವರ್ಷ ದುಡ್ಡಿಲ್ಲದೆ ಸಂಬಳದ ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸಬೇಕಾಯಿತು. ಒಳ್ಳೆಯವರಾಗಿದ್ದಕ್ಕೆ ಸಿಕ್ಕ ಬಹುಮಾನ ಅದು.

ಏರನ್ ರೆನ್ ಅನ್ನುವ ಬರಹಗಾರ 2022ರಲ್ಲಿ ಒಂದು ಮಾತು ಹೇಳಿದರು. 1994ರ ತನಕ ಅಮೆರಿಕದಲ್ಲಿ ಕ್ರೈಸ್ತನಾಗಿರುವುದು ಮರ್ಯಾದೆ ತರುತ್ತಿತ್ತು. 2014ರ ತನಕ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಮೇಲೆ ಅದು ಹೊರೆ. ಕೆಲಸದ ಜಾಗದಲ್ಲಿ, ಕಾಲೇಜಿನಲ್ಲಿ ನಂಬಿಕೆಯ ಮಾತಾಡಿದರೆ ಮುಖ ಸಿಂಡರಿಸುತ್ತಾರೆ. ಇಂಥ ಕಾಲದಲ್ಲಿ ಸೌಮ್ಯ ನಾಯಕರು ಸಾಕಾಗಲ್ಲ, ಕಾದಾಡುವವರು ಬೇಕು.

ನಾವು ಸುಮ್ಮನಿದ್ದರೆ ಹುಡುಗರು ಸಭೆಗೂ ಬರಲ್ಲ, ಸ್ತ್ರೀವಾದಿ ತರಗತಿಗೂ ಹೋಗಲ್ಲ. ನೆಟ್ಟಗೆ ಇಂಟರ್‌ನೆಟ್ಟಿನ ಆಂಡ್ರ್ಯೂ ಟೇಟ್ ಹತ್ತಿರ ಹೋಗುತ್ತಾರೆ. ಕಾರು, ದುಡ್ಡು, ಹೆಣ್ಣು ಅಂತ ಅವನು ಕಲಿಸುವುದಕ್ಕಿಂತ, ಮದುವೆಯಾಗು, ಮಕ್ಕಳು ಮಾಡು, ಭಾನುವಾರ ಸಭೆಗೆ ಹೋಗು ಅಂತ ಬೈದು ಹೇಳುವ ಪಾಸ್ಟರ್ ಸಾವಿರ ಪಾಲು ಮೇಲು.

---

ಕೊಡಿಯಾಲದವ:

ನಾನು ಕಥೋಲಿಕ. ಇಲ್ಲಿಯ ತನಕ ಬರೀ ಬ್ಯಾಪ್ಟಿಸ್ಟರ ಮಾತಾಯಿತು. ಗಂಡಸ್ತನದ ಮಾತು ನಮ್ಮವರ ಬಾಯಲ್ಲೂ ಜೋರಾಗಿದೆ. 2024ರ ಮೇ ತಿಂಗಳಲ್ಲಿ ಕ್ಯಾನ್ಸಸ್‌ನ ಬೆನೆಡಿಕ್ಟೀನ್ ಕಾಲೇಜಿನ ಪದವಿ ಸಮಾರಂಭದಲ್ಲಿ ಹ್ಯಾರಿಸನ್ ಬಟ್ಕರ್ ಮಾಡಿದ ಭಾಷಣ ಎಲ್ಲರೂ ಕೇಳಿರಬಹುದು. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಆಟಗಾರ. ಹುಡುಗರಿಗೆ, ಗಂಡಸ್ತನಕ್ಕೆ ನಾಚಬೇಡಿ ಅಂದರು. ಹುಡುಗಿಯರಿಗೆ, ನಿಮಗೆ ಅತಿ ಹೆಚ್ಚು ಸುಳ್ಳು ಹೇಳಲಾಗಿದೆ, ತನ್ನ ಹೆಂಡತಿಯ ಬದುಕು ನಿಜವಾಗಿ ಶುರುವಾದದ್ದು ಪತ್ನಿ ಮತ್ತು ತಾಯಿ ಆದ ಮೇಲೆ ಅಂದರು. ಅವರ ಸ್ವಂತ ತಾಯಿ ಕ್ಯಾನ್ಸರ್ ವಿಭಾಗದಲ್ಲಿ ದುಡಿದ ವೈದ್ಯಕೀಯ ಭೌತವಿಜ್ಞಾನಿ! ಆ ಮಾತು ಭಾಷಣದಲ್ಲಿ ಬರಲಿಲ್ಲ.

ನನಗೆ ಹಿಡಿಸಿದ್ದು ಆಮೇಲಿನದು. ಅದೇ ಆಚಿಸನ್ ಊರಿನಲ್ಲಿ ಮೌಂಟ್ ಸೇಂಟ್ ಸ್ಕೊಲಾಸ್ಟಿಕಾ ಮಠದ ಕನ್ಯಾಸ್ತ್ರೀಯರಿದ್ದಾರೆ. ಕಾಲೇಜಿನ ಸ್ಥಾಪಕ ಸಂಸ್ಥೆಗಳಲ್ಲಿ ಅವರದೂ ಒಂದು. ಹೆಣ್ಣಿಗೆ ಮನೆಯೊಂದೇ ದೊಡ್ಡ ಕರೆ ಅನ್ನುವುದನ್ನು ನಾವು ಒಪ್ಪಲ್ಲ ಅಂತ ಅವರು ಬಹಿರಂಗವಾಗಿ ಬರೆದರು. ಯೋಚಿಸಿ. ಗಂಡ ಇಲ್ಲ, ಮಕ್ಕಳಿಲ್ಲ, 160 ವರ್ಷಗಳಿಂದ ಆ ಊರಿನಲ್ಲಿ ಪಾಠ ಹೇಳಿಕೊಂಡು ಬಂದ ಮಠ. ಆ ಭಾಷಣದ ಲೆಕ್ಕದಲ್ಲಿ ಇವರೆಲ್ಲರ ಬದುಕು ಶುರುವೇ ಆಗಿಲ್ಲವಾ? ಕಥೋಲಿಕ ಪರಂಪರೆ ಗೊತ್ತಿದ್ದವನು ಹೀಗೆ ಮಾತಾಡಬಾರದಿತ್ತು. ಸಂತರ ಪಟ್ಟಿಯಲ್ಲಿ ಎಷ್ಟೋ ಜನ ಮದುವೆಯೇ ಆಗಿಲ್ಲ ಮಾರಾಯ್ರೇ. ಯೇಸುವೂ ಆಗಿಲ್ಲ, ಪೌಲನೂ ಆಗಿಲ್ಲ.

---

ಗಡಿಯಾರ:

@ಕೊಡಿಯಾಲದವ, ಬಟ್ಕರ್ ಅವರ ಜೆರ್ಸಿ ಆ ವಾರ ಬಿಸಿ ದೋಸೆ ಥರ ಖರ್ಚಾಯಿತು. ಕೊಂಡವರಲ್ಲಿ ಹೆಂಗಸರೂ ಇದ್ದರು. ಮನೆಯಲ್ಲಿರುವ ತಾಯಂದಿರಿಗೆ ಗೌರವ ಕೊಡುವ ಮಾತು ಎಷ್ಟೋ ವರ್ಷದ ಮೇಲೆ ಯಾರೋ ಆಡಿದರು ಅಂತ ಅವರಿಗೆ ಅನಿಸಿತು. ಅದನ್ನೂ ಹೇಳಿ.

---

ಹಳೇ ಲೈಬ್ರರಿ:

ಇದೆಲ್ಲ ಹೊಸದು ಅಂದುಕೊಳ್ಳಬೇಡಿ. ಹುಡುಗರು ಮೆತ್ತಗಾದರು ಅನ್ನುವ ಗಾಬರಿ ನೂರೈವತ್ತು ವರ್ಷ ಹಳೆಯದು. ಇಂಗ್ಲೆಂಡಿನಲ್ಲಿ ಶುರುವಾಗಿ ಅಮೆರಿಕಕ್ಕೆ ಬಂತು. ಗದ್ದೆ ಬಿಟ್ಟು ಆಫೀಸು ಕುರ್ಚಿಗೆ ಬಂದ ಗಂಡಸು, ಪ್ರಾರ್ಥನಾ ಮಂದಿರದ ತುಂಬ ಹೆಂಗಸರು. ಅಯ್ಯೋ ಧರ್ಮವೇ ಹೆಣ್ಣಾಯಿತು ಅಂತ ಪಾದ್ರಿಗಳಿಗೆ ಚಿಂತೆ. ಬೇಸ್‌ಬಾಲ್ ಆಟಗಾರ ಬಿಲ್ಲಿ ಸಂಡೆ ಸುವಾರ್ತಾ ಪ್ರಸಂಗಿಯಾದ ಮೇಲೆ ವೇದಿಕೆಯಲ್ಲಿ ಜಾರಿ ಬೀಳುವುದು, ಕುರ್ಚಿ ಎತ್ತುವುದು ಎಲ್ಲ ಮಾಡುತ್ತಿದ್ದ. ಕತ್ತಿ ನುಂಗುವುದೊಂದು ಬಾಕಿ ಇತ್ತು.

ಅದರಿಂದ ಒಳ್ಳೆಯದೂ ಆಯಿತು. ವೈ.ಎಂ.ಸಿ.ಎ.ಯವರು ಹುಡುಗರ ಮೈಗೂ ಮನಸ್ಸಿಗೂ ಕೆಲಸ ಕೊಡಬೇಕು ಅಂತ ಹೊರಟರು. 1891ರ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರ ತರಬೇತಿ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಜಿಮ್ನಾಸಿಯಂ ಬಾಲ್ಕನಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆದು ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದರು. ಅವರು ದೇವಶಾಸ್ತ್ರ ಓದಿದವರು. ಚೆಂಡು ಹಿಡಿದು ಓಡುವಂತಿಲ್ಲ, ಮೈಮೇಲೆ ಬೀಳುವಂತಿಲ್ಲ ಅಂತ ನಿಯಮ ಮಾಡಿದ್ದು ಒರಟುತನ ಕಡಿಮೆ ಮಾಡಲಿಕ್ಕೇ. ಅವರ ಹದಿಮೂರು ನಿಯಮಗಳಲ್ಲಿ ಫೌಲಿನ ಮಾತೇ ಜಾಸ್ತಿ. ಬೆಂಗಳೂರಿನ ನೃಪತುಂಗ ರಸ್ತೆಯ ವೈ.ಎಂ.ಸಿ.ಎ.ಯಲ್ಲಿ ಆಡಿದವರಿಗೆಲ್ಲ ಆ ಮನುಷ್ಯನ ಋಣ ಇದೆ.

ಫುಟ್‌ಬಾಲ್ ಹುಚ್ಚ ಹೇಳಿದ ಸಮಾವೇಶ ನಡೆದದ್ದೂ ಒಂದು ಸ್ಪ್ರಿಂಗ್‌ಫೀಲ್ಡ್‌ನಲ್ಲೇ, ಅದು ಮಿಸ್ಸೂರಿಯದು. ಕಾಕತಾಳೀಯ, ಅಷ್ಟೇ.

---

ಡಾಲಸ್ ಬಿಸಿಲು:

@ಗಡಿಯಾರ, ಟೇಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ನಮ್ಮ ಸಭೆಯ ಹದಿಹರೆಯದ ಹುಡುಗರ ಫೋನಿನಲ್ಲಿ ಏನು ಓಡುತ್ತದೆ ಅಂತ ನನಗೂ ಗೊತ್ತು. ಆದರೆ "ಕಾದಾಡುವವನು ಬೇಕು" ಅನ್ನುವಲ್ಲಿ ನಾವು ಬೇರೆಯಾಗುತ್ತೇವೆ. ಆ ಒಂದು ವಾಕ್ಯ ಹತ್ತು ವರ್ಷದಲ್ಲಿ ನಮ್ಮನ್ನು ಎಲ್ಲಿಗೆ ಎಳೆದುಕೊಂಡು ಹೋಯಿತು ನೋಡಿ.

1998ರಲ್ಲಿ, ಅಧ್ಯಕ್ಷ ಕ್ಲಿಂಟನ್‌ರ ಲೈಂಗಿಕ ಹಗರಣದ ಹೊತ್ತಿನಲ್ಲಿ, ಸದರ್ನ್ ಬ್ಯಾಪ್ಟಿಸ್ಟರು ಒಂದು ನಿರ್ಣಯ ಮಾಡಿದರು. ನಾಯಕನ ಗಂಭೀರ ತಪ್ಪನ್ನು ಸಹಿಸಿಕೊಂಡರೆ ಸಮಾಜದ ಮನಸ್ಸಾಕ್ಷಿಯೇ ಸುಟ್ಟುಹೋಗುತ್ತದೆ ಅಂತ. ಆ ಮಾತಿಗೆ ನಾನು ಈಗಲೂ ಸಹಿ ಹಾಕುತ್ತೇನೆ. 2011ರಲ್ಲಿ ಪಿ.ಆರ್.ಆರ್.ಐ. ಸಂಸ್ಥೆಯ ಸರ್ವೆ ಕೇಳಿತು: ಖಾಸಗಿ ಬದುಕಿನಲ್ಲಿ ಅನೀತಿ ಇರುವವನು ಸಾರ್ವಜನಿಕ ಹುದ್ದೆಯನ್ನು ಸರಿಯಾಗಿ ನಿಭಾಯಿಸಬಲ್ಲನೇ? ಬಿಳಿಯ ಇವ್ಯಾಂಜೆಲಿಕಲ್‌ಗಳಲ್ಲಿ (ಸಂಪ್ರದಾಯಸ್ಥ ಪ್ರಾಟೆಸ್ಟಂಟರು) ಹೌದು ಅಂದವರು ನೂರಕ್ಕೆ 30. ಅದೇ ಪ್ರಶ್ನೆ 2016ರಲ್ಲಿ ಕೇಳಿದಾಗ 72. ಐದು ವರ್ಷದಲ್ಲಿ ಬೈಬಲ್ಲಿನ ಒಂದು ವಚನವೂ ಬದಲಾಗಿರಲಿಲ್ಲ. ಅಭ್ಯರ್ಥಿ ಬದಲಾಗಿದ್ದ.

ಗ್ರೂಡಮ್ ಉದಾಹರಣೆಯೇ ತಗೊಳ್ಳಿ. ಡ್ಯಾನ್ವರ್ಸ್ ಹೇಳಿಕೆಯ ಹಿಂದಿದ್ದ ಪಂಡಿತರು. 2016ರ ಜುಲೈನಲ್ಲಿ ಟ್ರಂಪ್‌ಗೆ ವೋಟು ಹಾಕುವುದು ನೈತಿಕವಾಗಿ ಒಳ್ಳೆಯ ಆಯ್ಕೆ ಅಂತ ಬರೆದರು. ಅಕ್ಟೋಬರ್‌ನಲ್ಲಿ ಹೆಂಗಸರ ಬಗ್ಗೆ ಟ್ರಂಪ್ ಆಡಿದ ಮಾತಿನ ಟೇಪ್ ಹೊರಗೆ ಬಂತು, ಬೆಂಬಲ ವಾಪಸ್ ತಗೊಂಡರು. ತಿಂಗಳು ಮುಗಿಯುವ ಮೊದಲೇ ಮತ್ತೆ ಬೆಂಬಲ. ಸದರ್ನ್ ಬ್ಯಾಪ್ಟಿಸ್ಟ್ ದೇವಶಾಸ್ತ್ರಜ್ಞ ಆಲ್ಬರ್ಟ್ ಮೋಹ್ಲರ್, ಟ್ರಂಪ್‌ರನ್ನು ಬೆಂಬಲಿಸಿದರೆ ಕ್ಲಿಂಟನ್‌ರ ಕ್ಷಮೆ ಕೇಳಬೇಕಾಗುತ್ತದೆ ಅಂತ 2016ರಲ್ಲಿ ಅಂದರು. 2020ರಲ್ಲಿ ಬೆಂಬಲಿಸಿದರು. ವೋಟು ಯಾರಿಗೆ ಅನ್ನುವುದು ಅವರವರ ಇಷ್ಟ, ನನ್ನ ಜಗಳ ಅದಲ್ಲ. ಎರಡು ಕೆಟ್ಟದ್ದರಲ್ಲಿ ಕಡಿಮೆ ಕೆಟ್ಟದ್ದು ಆರಿಸಿದೆ ಅಂದರೆ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಹುಡುಗರು ಇದನ್ನೆಲ್ಲ ನೋಡುತ್ತಿದ್ದರು. ಗೆದ್ದರೆ ಸಾಕು, ಪಟ್ಟಿ ಆಮೇಲೆ ಅನ್ನುವುದು ಅವರಿಗೆ ಪ್ರಸಂಗಕ್ಕಿಂತ ಚೆನ್ನಾಗಿ ತಲುಪಿತು.

ಮೊದಲು ಸದರ್ನ್ ಬ್ಯಾಪ್ಟಿಸ್ಟ್ ಮುಖಂಡರಾಗಿದ್ದ ರಸಲ್ ಮೂರ್ ಹೇಳಿದ ಒಂದು ಸಂಗತಿ ಇದೆ. ಕೆಲವು ಪಾಸ್ಟರುಗಳು ಅವರ ಹತ್ತಿರ ಬಂದು ಹೇಳಿದರಂತೆ. ಇನ್ನೊಂದು ಕೆನ್ನೆ ತೋರಿಸು ಅನ್ನುವ ವಚನವನ್ನು ಪ್ರಸಂಗದಲ್ಲಿ ಹೇಳಿದರೆ, ಈ ಲಿಬರಲ್ ಮಾತು ಎಲ್ಲಿಂದ ತಂದಿರಿ ಅಂತ ಜನ ಕೇಳುತ್ತಾರೆ. ಯೇಸುವಿನ ಮಾತು ಅಂದರೆ, ಅದೆಲ್ಲ ಈಗ ನಡೆಯಲ್ಲ, ದುರ್ಬಲರ ಮಾತು ಅಂತ ಉತ್ತರ. ಇದನ್ನು ಕೇಳಿ ನನಗೆ ನಗು ಬರಲಿಲ್ಲ.

---

ಗಡಿಯಾರ:

ಸರಿ, ಆದರೆ ನೀವು ಸಭೆಯ ಹಿರಿಯನ ಅರ್ಹತೆಯನ್ನು ರಾಷ್ಟ್ರಾಧ್ಯಕ್ಷನಿಗೆ ಹಚ್ಚುತ್ತಿದ್ದೀರಿ. ಪೌಲನು ಚಕ್ರವರ್ತಿಯ ಅರ್ಹತೆ ಬರೆಯಲಿಲ್ಲ. ಪರ್ಷಿಯಾದ ರಾಜ ಕೋರೆಷ ದೇವರನ್ನೇ ಅರಿಯದವನು, ಆದರೂ ದೇವರು ಅವನನ್ನು ಬಳಸಿಕೊಂಡನು.

---

ಡಾಲಸ್ ಬಿಸಿಲು:

ಒಪ್ಪಿದೆ. ಆದರೆ ಕೋರೆಷನನ್ನು ಗಂಡಸ್ತನಕ್ಕೆ ಮಾದರಿ ಅಂತ ಪ್ರವಾದಿ ಯೆಶಾಯನು ಯೂದಾಯದ ಹುಡುಗರಿಗೆ ತೋರಿಸಲಿಲ್ಲ.

---

ಫುಟ್‌ಬಾಲ್ ಹುಚ್ಚ:

ಗೋಲ್.

---

ಬಯಲುಸೀಮೆ:

ಒಂದು ಅನುಮಾನ. ರಕ್ಷಣಾ ಮಂತ್ರಿ ಪೀಟ್ ಹೆಗ್ಸೆತ್ ಹೋಗುವ ಸಭೆಯವರು ಹೆಂಗಸರಿಗೆ ವೋಟು ಬೇಡ ಅನ್ನುತ್ತಾರಂತೆ, ನಿಜಾನಾ?

---

ಹಳೇ ಲೈಬ್ರರಿ:

ಹೆಗ್ಸೆತ್ ಹೋಗುವ ಸಭೆ ಸಿ.ಆರ್.ಇ.ಸಿ. ಅನ್ನುವ ಒಕ್ಕೂಟಕ್ಕೆ ಸೇರಿದ್ದು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಐಡಾಹೋ ರಾಜ್ಯದ ಮಾಸ್ಕೋ ಊರಿನ ಪಾಸ್ಟರ್ ಡಗ್ ವಿಲ್ಸನ್. ಮನೆಗೊಂದು ವೋಟು, ಅದನ್ನು ಮನೆ ಯಜಮಾನ ಹಾಕಬೇಕು ಅನ್ನುವುದು ಅವರ ಒಲವು. 2025ರ ಆಗಸ್ಟ್‌ನಲ್ಲಿ ಸಿ.ಎನ್.ಎನ್. ಅವರ ಬಗ್ಗೆ ಒಂದು ವರದಿ ಮಾಡಿತು. ಹೆಂಗಸರಿಗೆ ವೋಟಿನ ಹಕ್ಕು ಕೊಟ್ಟ 19ನೇ ತಿದ್ದುಪಡಿ ಹೋಗಬೇಕು ಅಂತ ಆ ಬಳಗದ ಇನ್ನೊಬ್ಬ ಪಾಸ್ಟರ್ ಅದರಲ್ಲಿ ನೇರವಾಗಿ ಹೇಳಿದರು. ಹೆಗ್ಸೆತ್ ಆ ವಿಡಿಯೊವನ್ನು ಮೆಚ್ಚಿ ಹಂಚಿಕೊಂಡರು. ಇದು ಸಣ್ಣ ಒಕ್ಕೂಟ, ಬಹುತೇಕ ಇವ್ಯಾಂಜೆಲಿಕಲ್‌ಗಳಿಗೆ ಇಂಥ ಯೋಚನೆಯೇ ಇಲ್ಲ. ಆದರೆ ಸಣ್ಣದೊಂದು ಗುಂಪಿನ ಮಾತು ಪೆಂಟಗನ್ ತನಕ ಕೇಳಿಸುತ್ತಿದೆ.

---

ನಿರ್ವಾಹಕ:

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಪಕ್ಷದ ಜಗಳ ಬೇಕಿದ್ದರೆ ರಾಜಕೀಯ ವಿಭಾಗ ಇದೆ. ಇಲ್ಲಿ ವಿಷಯ ಬಿಟ್ಟು ಹೋಗಬೇಡಿ.

---

ಮಳೆಗಾಲ:

ಗಡಿಯಾರ ಅವರ ಪರವಾಗಿ ಒಂದು ಮಾತು ನಾನೇ ಹೇಳುತ್ತೇನೆ, ಆಶ್ಚರ್ಯ ಪಡಬೇಡಿ. ವರ್ಜೀನಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಬ್ರ್ಯಾಡ್ ವಿಲ್ಕಾಕ್ಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ತಪ್ಪದೆ ಸಭೆಗೆ ಹೋಗುವ ಇವ್ಯಾಂಜೆಲಿಕಲ್ ಗಂಡಂದಿರು ಹೆಂಡತಿ ಮಕ್ಕಳ ಮೇಲೆ ಹೆಚ್ಚು ಅಕ್ಕರೆ ತೋರಿಸುತ್ತಾರೆ, ಅವರ ಮನೆಗಳಲ್ಲಿ ಹೊಡೆತ ಬಡಿತ ಎಲ್ಲರಿಗಿಂತ ಕಡಿಮೆ. ಹೆಸರಿಗೆ ಮಾತ್ರ ಇವ್ಯಾಂಜೆಲಿಕಲ್, ಸಭೆಯ ಕಡೆ ತಲೆ ಹಾಕದವರು ಅಂತ ಇರುತ್ತಾರಲ್ಲ, ಅವರ ಮನೆಗಳಲ್ಲಿ ಎಲ್ಲರಿಗಿಂತ ಜಾಸ್ತಿ. ಅಂದರೆ ಯಜಮಾನಿಕೆಯ ಮಾತು ಮಾತ್ರ ಕಿವಿಗೆ ಬಿದ್ದು, ಪ್ರತಿ ವಾರ ಪಕ್ಕದಲ್ಲಿ ಕೂತು "ಮನೆಯಲ್ಲಿ ಹೇಗಿದ್ದೀಯಪ್ಪಾ" ಅಂತ ಕೇಳುವವರು ಇಲ್ಲದಿದ್ದರೆ ಅಪಾಯ. ಪಾಡ್‌ಕಾಸ್ಟ್ ಗಂಡಸ್ತನದ ತೊಂದರೆ ಇದೇ ಅಂತ ನನಗೆ ಅನಿಸುತ್ತದೆ. ಯೂಟ್ಯೂಬ್ ಪಾಸ್ಟರ್ ನಿಮ್ಮ ಹೆಂಡತಿಯ ಮುಖ ನೋಡಿಲ್ಲ.

ಸಂಪ್ರದಾಯವಾದಿ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಕೊಲೆಯಾದ ಮೇಲೆ, 2025ರ ಸೆಪ್ಟೆಂಬರ್ 21ರಂದು ಅರಿಜೋನಾದ ಸ್ಟೇಡಿಯಂನಲ್ಲಿ ಸ್ಮರಣೆ ಸಭೆ ನಡೆಯಿತಲ್ಲ. ಅವರ ಹೆಂಡತಿ ಎರಿಕಾ ಕರ್ಕ್ ಗಂಡಸರಿಗೆ ಹೇಳಿದ್ದು ನೆನಪಿದೆಯಾ? ಹಿಂಬಾಲಿಸಲು ಯೋಗ್ಯನಾದ ನಾಯಕನಾಗಿ ಇರಿ, ಹೆಂಡತಿ ನಿಮ್ಮ ಆಳಲ್ಲ, ನೌಕರಳಲ್ಲ, ಗುಲಾಮಳಲ್ಲ. ಗಂಡನನ್ನು ಕೊಂದ ಹುಡುಗನನ್ನು ಕ್ಷಮಿಸಿದ್ದೇನೆ ಅಂತಲೂ ಅಂದಳು. ಆಮೇಲೆ ಮಾತಾಡಿದ ಟ್ರಂಪ್, ನಾನು ನನ್ನ ಎದುರಾಳಿಯನ್ನು ದ್ವೇಷಿಸುತ್ತೇನೆ, ಕ್ಷಮಿಸಿ ಎರಿಕಾ ಅಂದರು. ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಆಕೆಯ ರಾಜಕೀಯ ನನ್ನದಲ್ಲ. ಆದರೆ ಅಂದು ಆ ವೇದಿಕೆಯಲ್ಲಿ ನಿಮ್ಮ ತಿಮೊಥೆಯ ಪಟ್ಟಿಗೆ ಹತ್ತಿರ ಇದ್ದವರು ಯಾರು ಅಂತ ನೀವೇ ಹೇಳಿ ಬಿಸಿಲು ಅವರೇ. ಆಕೆ ನಿಮ್ಮ ಸಭೆಯಲ್ಲಿ ಹಿರಿಯಳಾಗುವಂತಿಲ್ಲ.

---

ಡಾಲಸ್ ಬಿಸಿಲು:

ಆಗುವಂತಿಲ್ಲ, ನಿಜ. ಆ ಬೋಧನೆಯನ್ನು ನಾನು ವಚನದ ಕಾರಣಕ್ಕೆ ಒಪ್ಪುತ್ತೇನೆ, ಗಂಡಸರು ಮೇಲು ಅಂತ ಅಲ್ಲ. ನೀವು ಒಪ್ಪಲ್ಲ ಅಂತ ಗೊತ್ತು.

ನಮ್ಮ ಸಭೆಯ ಗಂಡಸರ ಗುಂಪು ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಸುದ್ದಿಯಲ್ಲಿ ಬರುವುದು ಬರೀ ಕತ್ತಿ ನುಂಗುವವರು. ಶನಿವಾರ ಬೆಳಿಗ್ಗೆ ಆರೂವರೆಗೆ ಸೇರುತ್ತೇವೆ. ಮೊಟ್ಟೆ, ಬಿಸ್ಕೆಟ್, ಕೆಟ್ಟ ಕಾಫಿ. ಅರ್ಧ ಗಂಟೆ ಓದು. ಆಮೇಲೆ ಚೀಟಿ ಹಂಚುತ್ತಾರೆ: ಯಾವ ವಿಧವೆಯ ಮನೆಯಲ್ಲಿ ವಾಟರ್ ಹೀಟರ್ ಸೋರುತ್ತಿದೆ, ಯಾರ ಬೇಲಿ ಬಿರುಗಾಳಿಗೆ ಬಿದ್ದಿದೆ. ಹೋದ ಚಳಿಗಾಲದ ಒಂದು ಶನಿವಾರ ಒಬ್ಬ ಅಜ್ಜಿಯ ಗ್ಯಾರೇಜಿನಲ್ಲಿ ಹಳೇ ಹೀಟರಿನ ಕೊಳವೆ ಬಿಚ್ಚಲು ಹೋಗಿ, ತುಕ್ಕು ಹಿಡಿದ ನಟ್ಟು ತಿರುಗದೆ, ಮೂವರು ಎಂಜಿನಿಯರುಗಳು ಪೆಚ್ಚಾಗಿ ನಿಂತಿದ್ದೆವು. ಹೈಸ್ಕೂಲ್ ಬಿಟ್ಟ ಹತ್ತೊಂಬತ್ತರ ಹುಡುಗನೊಬ್ಬ ಬಂದು ಗ್ಯಾಸ್ ಟಾರ್ಚಿನ ಬೆಂಕಿಯಿಂದ ಬಿಸಿ ಮಾಡಿ ಎರಡು ನಿಮಿಷದಲ್ಲಿ ಬಿಚ್ಚಿದ. ಆ ಹುಡುಗನಿಗೆ ಅಪ್ಪ ಇಲ್ಲ. ಮಾರನೆ ವಾರದಿಂದ ಚೀಟಿ ಹಂಚುವುದು ಅವನೇ. ಗಂಡಸಾಗು ಅಂತ ಅವನಿಗೆ ಯಾರೂ ಭಾಷಣ ಮಾಡಲಿಲ್ಲ.

---

ಮಳೆಗಾಲ:

ಇದು ಇಷ್ಟವಾಯಿತು, ನಿಜವಾಗಲೂ. ಆದರೆ ನನ್ನ ಪ್ರಶ್ನೆ ಬೇರೆ. ನೀವು ಬೆಳೆದ ಸಿ.ಎಸ್.ಐ.ಯಲ್ಲಿ ಹೆಂಗಸರಿಗೆ ಗುರುದೀಕ್ಷೆ ಇದೆ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತಾ ಅವರು ಬಿಷಪ್ ಆದರು. ಅಲ್ಲಿಂದ ಬಂದ ನೀವು ಹಿರಿಯರೆಲ್ಲ ಗಂಡಸರೇ ಇರುವ ಸಭೆಯಲ್ಲಿ ಇದ್ದೀರಿ. ಇರಿ, ನಿಮ್ಮಿಷ್ಟ. ನಿಮ್ಮ ಗುಂಪಿನ ಒಬ್ಬ ಗಂಡ ಮನೆಯಲ್ಲಿ ಕೈ ಎತ್ತಿದ ಅಂತಿಟ್ಟುಕೊಳ್ಳಿ. ಆ ಹೆಂಡತಿ ಯಾರ ಹತ್ತಿರ ಹೋಗಬೇಕು? ಅವನ ಜೊತೆ ಶನಿವಾರ ಮೊಟ್ಟೆ ತಿನ್ನುವವರ ಹತ್ತಿರವಾ?

---

ಡಾಲಸ್ ಬಿಸಿಲು:

2022ರ ವರದಿ ಬಂದ ಮೇಲೆ ನಮ್ಮಲ್ಲಿ ಇದಕ್ಕೆಂದೇ ಒಂದು ಸಮಿತಿ ಮಾಡಿದರು. ಮೂವರು, ಅದರಲ್ಲಿ ಇಬ್ಬರು ಹೆಂಗಸರು. ಒಬ್ಬರು ನಿವೃತ್ತ ನರ್ಸ್. ಹೊಡೆತದ ದೂರು ಬಂದರೆ ಮೊದಲು ಪೊಲೀಸ್, ಆಮೇಲೆ ಪ್ರಾರ್ಥನೆ ಅಂತ ಬರೆದಿಟ್ಟಿದ್ದಾರೆ.

---

ಮಳೆಗಾಲ:

ಒಳ್ಳೆಯದು. ಆ ಸಮಿತಿ ಒಬ್ಬನನ್ನು ಹುದ್ದೆಯಿಂದ ಇಳಿಸಿ ಅಂದರೆ ಹಿರಿಯರು ಬೇಡ ಅನ್ನಬಹುದಾ?

---

ಡಾಲಸ್ ಬಿಸಿಲು:

ಬೈಲಾ ಪ್ರಕಾರ ಅನ್ನಬಹುದು. ಪೊಲೀಸರಿಗೆ ಹೋಗುವುದನ್ನು ಮಾತ್ರ ತಡೆಯುವಂತಿಲ್ಲ.

---

ಗಡಿಯಾರ:

ಕೊನೆಯ ತೀರ್ಮಾನ ಹಿರಿಯರದೇ ಇರಬೇಕು, ಅದಕ್ಕೇ ಅವರು ಹಿರಿಯರು. ಆದರೆ ಸಮಿತಿ ಹೇಳಿದ್ದನ್ನು ತಳ್ಳಿಹಾಕಿದರೆ ಯಾಕೆ ಅಂತ ಇಡೀ ಸಭೆಯ ಮುಂದೆ ನಿಂತು ಹೇಳಬೇಕು. ಇಷ್ಟರ ಮಟ್ಟಿಗೆ ಮಳೆಗಾಲ ಅವರ ಜೊತೆ ನಾನಿದ್ದೇನೆ.

---

ಮಳೆಗಾಲ:

ಹಾಗಂತ ಬೈಲಾದಲ್ಲಿ ಬರೆಸಿ. ಬಿಸಿಲು ಅವರೇ, ನಿಮ್ಮ ಸಭೆಯ ವಾರ್ಷಿಕ ಮೀಟಿಂಗ್ ಯಾವಾಗ?

---

ಡಾಲಸ್ ಬಿಸಿಲು:

ಜನವರಿಯಲ್ಲಿ. ತಿದ್ದುಪಡಿ ತರಲು ಮೊದಲೇ ಇಬ್ಬರು ಸದಸ್ಯರ ಸಹಿ ಬೇಕು. ನನ್ನದು ಒಂದು. ಇನ್ನೊಂದಕ್ಕೆ ಆ ನರ್ಸ್ ಅವರನ್ನು ಭಾನುವಾರ ಕೇಳುತ್ತೇನೆ.